ಮಿಸ್ಸಿಂಗ್ ಒಂದು ಕಡೆ, ಟಿಕಟಿಕ ಇನ್ನೊಂದು ಕಡೆ

ನವೆಂಬರ್ ಬಂತೆಂದರೆ ಸಿಯಾಟಲ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಳ್ಳುತ್ತದೆ. ಅಂಥದ್ದೇ ಒಂದು ಸಂಜೆ ಆಫೀಸಿನಿಂದ ಬರುವಾಗ, ಮನೆಗೆ ಮೊದಲು ಸಿಗುವ ಉದ್ದನೆಯ ಏರಿನಲ್ಲಿ ನನ್ನ ಗಾಡಿ ಬಿಕ್ಕಳಿಸಿತು. ಸಮತಟ್ಟಿನಲ್ಲಿ ಅಷ್ಟಾಗಿ ಗೊತ್ತಾಗಿರಲಿಲ್ಲ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಇಂಜಿನ್ ಮೇಲೆ ಭಾರ ಬಿದ್ದ ಕೂಡಲೇ ಮಿಸ್ಸಿಂಗ್ ಹೊಡೆಯಿತು, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ತಪ್ಪಿತು, ಪಿಕಪ್ ಹೋಯಿತು. ಮನೆಗೆ ಬಂದು ಬಾನೆಟ್ ಎತ್ತಿದರೆ ಇನ್ನೊಂದು ಸದ್ದು: ಹೊಲಿಗೆ ಮಿಷನ್ ಓಡಿಸಿದ ಹಾಗೆ ಟಿಕಟಿಕಟಿಕ.

ಗಾಡಿ 1992ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಬಟನ್ ಒತ್ತಿದರೆ ರೆಪ್ಪೆ ತೆರೆದಂತೆ ಮೇಲೇಳುವ ಹೆಡ್‌ಲೈಟು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದ ಮಾದರಿ ಇದು. ಯುರೋಪಿನವರಿಗೆ ಇದು ಎಂಎಕ್ಸ್-5, ಜಪಾನಿನವರಿಗೆ ಯೂನೋಸ್ ರೋಡ್‌ಸ್ಟರ್. 1597 ಸಿಸಿ, ನಾಲ್ಕು ಸಿಲಿಂಡರು, ಹದಿನಾರು ವಾಲ್ವು. ನನ್ನ ಕೈಗೆ ಬಂದು ಆರು ವರ್ಷವಾಗಿದೆ. ಇದರ ಮೇಲೆ ನನಗಿರುವ ಪ್ರೀತಿ ಮನೆಯವರಿಗೆಲ್ಲ ಗೊತ್ತು.

ಮೊದಲು ಹತ್ತಿರದ ಒಂದು ವರ್ಕ್‌ಶಾಪಿಗೆ ಒಯ್ದೆ. ಅಲ್ಲಿಯವರು ಎರಡು ನಿಮಿಷ ಕಿವಿಗೊಟ್ಟು ಕೇಳಿ, ವಾಲ್ವ್ ಸುಟ್ಟಿದೆ, ಅದಕ್ಕೇ ಮಿಸ್ಸಿಂಗು, ಅದಕ್ಕೇ ಸದ್ದು, ಹೆಡ್ ಇಳಿಸಬೇಕು ಎಂದರು. ವಾಲ್ವ್ ಎಂದರೆ ಸಿಲಿಂಡರಿನೊಳಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಬಾಗಿಲು; ಹೆಡ್ ಎಂದರೆ ಅವು ಕೂತಿರುವ ಇಂಜಿನ್ನಿನ ಮೇಲ್ಭಾಗ. ಹೇಳಿದ ಮೊತ್ತ ನಾನು ಗಾಡಿಗೆ ಕೊಟ್ಟ ಬೆಲೆಯ ಹತ್ತಿರ ಇತ್ತು. ನನಗೆ ಮೊತ್ತಕ್ಕಿಂತ ಚುಚ್ಚಿದ್ದು, ಒಂದೇ ಒಂದು ಅಳತೆ ತೆಗೆಯದೆ ಹಾಗೆ ಹೇಳಿಬಿಟ್ಟದ್ದು. ಎರಡು ತೊಂದರೆ ಒಟ್ಟಿಗೆ ಕಂಡವೆಂದು ಎರಡಕ್ಕೂ ಗಂಟು ಹಾಕಿಬಿಟ್ಟರೆ ಮುಂದೆ ಹುಡುಕುವುದೆಲ್ಲ ಆ ಗಂಟಿನ ಹಿಂದೆಯೇ ಹೋಗುತ್ತದೆ. ಮಿಸ್ಸಿಂಗನ್ನು ಮಿಸ್ಸಿಂಗಾಗಿ, ಸದ್ದನ್ನು ಸದ್ದಾಗಿ ಬೇರೆ ಬೇರೆ ನೋಡೋಣ ಎಂದುಕೊಂಡು ಗಾಡಿಯನ್ನು ಮನೆಗೆ ತಂದೆ.

ಆ ರಾತ್ರಿ ತಿಪಟೂರಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಅಲ್ಲಿ ಇಪ್ಪತ್ತೈದು ವರ್ಷ ಗ್ಯಾರೇಜ್ ನಡೆಸಿದವರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎಲ್ಲ ಅವರ ಕೈಯಲ್ಲಿ ಬಿಚ್ಚಿ ಜೋಡಿಸಿಕೊಂಡವು. ಫೋನನ್ನು ಇಂಜಿನ್ ಹತ್ತಿರ ಹಿಡಿದೆ.

"ಟ್ಯಾಪೆಟ್ ಸೌಂಡ್ ಇದ್ದಂಗೈತಲ್ಲೋ. ಸೆಟ್ ಮಾಡು," ಎಂದರು. ಟ್ಯಾಪೆಟ್ ಎಂದರೆ ವಾಲ್ವಿಗೂ ಅದನ್ನು ತಳ್ಳಿ ತೆರೆಯುವ ಕ್ಯಾಮಿಗೂ ನಡುವೆ ಕೂರುವ ಪುಟ್ಟ ಭಾಗ.

"ಇದರಲ್ಲಿ ಸ್ಕ್ರೂ ಇಲ್ಲ ಚಿಕ್ಕಪ್ಪ. ಹೈಡ್ರಾಲಿಕ್. ಆಯಿಲೇ ಗ್ಯಾಪ್ ತುಂಬಿಸಿಕೊಳ್ಳುತ್ತೆ."

"ಹಂಗಾದ್ರೆ ಆಯಿಲ್ ನೋಡಿದ್ಯಾ?" ಎಂದರು. ಆಮೇಲೆ, "ಮಳೆಗಾಲದಾಗೆ ಮಿಸ್ಸಿಂಗ್ ಅಂದ್ರೆ ಮೊದ್ಲು ವೈರ್ ನೋಡೋ. ಲೈಟೆಲ್ಲ ಆರಿಸಿ, ನೀರು ಚಿಮುಕಿಸಿ ನೋಡು. ಕೈ ಮಾತ್ರ ದೂರ ಇಟ್ಕೊ."

ಅವರ ಮಾತು ತಲೆಯಲ್ಲಿತ್ತು. ಆದರೂ ಸುಟ್ಟ ವಾಲ್ವ್ ಎಂಬ ಮಾತಿಗೆ ಮೊದಲು ಉತ್ತರ ಸಿಗಬೇಕಿತ್ತು. ಸಿಲಿಂಡರು ಎಷ್ಟು ಒತ್ತಡ ಹಿಡಿದಿಡುತ್ತದೆಂದು ಅಳೆಯುವ ಕಂಪ್ರೆಷನ್ ಗೇಜನ್ನು ಬಿಡಿಭಾಗದ ಅಂಗಡಿಯಿಂದ ಎರವಲು ತಂದೆ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಹೆಡ್ಡಿನ ಹಿಂಬದಿಯಲ್ಲಿರುವ ಕ್ಯಾಮ್ ಆಂಗಲ್ ಸೆನ್ಸರಿನ ಕನೆಕ್ಟರ್ ಕಿತ್ತೆ. ಈ ಗಾಡಿಯಲ್ಲಿ ಅದೊಂದನ್ನು ಕಿತ್ತರೆ ಕಿಡಿಯೂ ನಿಲ್ಲುತ್ತದೆ, ಪೆಟ್ರೋಲೂ ನಿಲ್ಲುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಿದಾಗ ಸಿಕ್ಕ ಅಂಕಿಗಳು: 174, 170, 172, 170 ಪಿಎಸ್‌ಐ. ಹೊಸದರಲ್ಲಿ 190ರ ಹತ್ತಿರ ಇರುತ್ತದೆ. ಮೂವತ್ತು ದಾಟಿದ ಇಂಜಿನ್ನಿಗೆ ಇದು ಒಳ್ಳೆಯ ಆರೋಗ್ಯ, ಅದಕ್ಕಿಂತ ಮುಖ್ಯವಾಗಿ ನಾಲ್ಕೂ ಹತ್ತಿರ ಹತ್ತಿರ ಇವೆ. ವಾಲ್ವ್ ಸುಟ್ಟಿದ್ದರೆ ಒಂದು ಸಿಲಿಂಡರು ಎದ್ದು ಕಾಣುವಷ್ಟು ಕೆಳಗೆ ಬಿದ್ದಿರುತ್ತಿತ್ತು. ಹೆಡ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂದು ಹೇಳುವ ಸ್ಕ್ಯಾನರ್ ಇದಕ್ಕೆ ಹಾಕಲು ಬರುವುದಿಲ್ಲ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯವಾದ ಓಬಿಡಿ-2 ಎಂಬ ದೋಷ ಗುರುತಿಸುವ ವ್ಯವಸ್ಥೆ ಇದರಲ್ಲಿಲ್ಲ. ಹಾಗಾಗಿ ಹಳೆಯ ದಾರಿ: ಇಂಜಿನ್ ಐಡ್ಲಿಂಗ್‌ನಲ್ಲಿಟ್ಟು ಪೆಟ್ರೋಲು ಚಿಮುಕಿಸುವ ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಕಿತ್ತು ಹಾಕುವುದು. ಪ್ಲಗ್ ವೈರ್ ಕೀಳಬೇಡಿ. ಉರಿಯದ ಪೆಟ್ರೋಲು ಹೋಗಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಜತೆಗೆ ಶಾಕಿನ ಭಯ. ಒಂದು, ಎರಡು, ನಾಲ್ಕು ಕಿತ್ತಾಗ ಇಂಜಿನ್ ಕುಸಿದು ನಡುಗಿತು. ಮೂರನೆಯದನ್ನು ಕಿತ್ತಾಗ ಹೆಚ್ಚೇನೂ ಆಗಲಿಲ್ಲ. ಆರ್‌ಪಿಎಂ ಮುಳ್ಳು ಚೂರು ಅಲ್ಲಾಡಿತು, ಅಷ್ಟೇ.

ಇಲ್ಲೊಂದು ವಿಷಯ ಗಮನಿಸಬೇಕು. ಈ ಇಂಜಿನ್ನಿನಲ್ಲಿ ಎರಡು ಕಾಯಿಲ್. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಒಂದೇ ಸಲಕ್ಕೆ ಕಿಡಿ ಕೊಡುತ್ತದೆ. ಕಾಯಿಲ್ಲೇ ಹೋಗಿದ್ದರೆ ಎರಡೂ ಮೂರೂ ಜತೆಯಾಗಿ ಸೋಲಬೇಕಿತ್ತು. ಎರಡು ಗಟ್ಟಿಯಾಗಿದೆ, ಮೂರು ಮಾತ್ರ ಸೋತಿದೆ. ಅಂದರೆ ಕಾಯಿಲ್ ದಾಟಿದ ಮೇಲೆ ತೊಂದರೆ. ದುಬಾರಿ ಕಾಯಿಲ್ ಪ್ಯಾಕ್ ಆರ್ಡರ್ ಮಾಡುವ ಮೊದಲು ಈ ಜೋಡಿಯ ಲೆಕ್ಕವೊಂದನ್ನು ಹಾಕಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಪ್ಲಗ್ಗುಗಳನ್ನು ಬಿಚ್ಚುವಾಗಲೇ ಮೂರನೆಯ ಪ್ಲಗ್ ಕೂರುವ ಗುಂಡಿ ನನ್ನ ಕಣ್ಣಿಗೆ ಬಿದ್ದಿತ್ತು. ವೈರಿನ ರಬ್ಬರ್ ಬೂಟು ಎಳೆದರೆ ಪಿಚಕ್ ಎಂದು ಬಂತು, ತುದಿಯೆಲ್ಲ ಆಯಿಲ್. ಟಾರ್ಚ್ ಬಿಟ್ಟರೆ ಗುಂಡಿಯ ತಳದಲ್ಲಿ ಕಪ್ಪು ಆಯಿಲ್ ನಿಂತು ಹೊಳೆಯುತ್ತಿತ್ತು. ಹೆಡ್ಡಿನ ಮೇಲಿನ ಮುಚ್ಚಳವಾದ ಕ್ಯಾಮ್ ಕವರಿನ ಪ್ಯಾಕಿಂಗ್ ಒಣಗಿ ಗಟ್ಟಿಯಾದರೆ ಹೀಗೆ ಒಳಗೊಳಗೇ ಸೋರುತ್ತದೆ. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ. ಪ್ಲಗ್ಗನ್ನು ಒರೆಸಿ ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ, ಚೂಪಾದ ಪೆನ್ಸಿಲ್ಲಿನಲ್ಲಿ ಎಳೆದ ಕೂದಲೆಳೆಯಷ್ಟು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಪಿಂಗಾಣಿಯ ಹೊರಮೈಯ ಮೇಲೆ ಹರಿದು ಬಾಡಿಗೆ ಇಳಿದ ಗುರುತು ಅದು.

ಆದರೂ ಪ್ಲಗ್ಗೊಂದೇ ಕಾರಣವೋ, ವೈರೂ ಹೋಗಿದೆಯೋ? ಆ ಪ್ಲಗ್ಗನ್ನು ಒಂದನೇ ಸಿಲಿಂಡರಿಗೆ, ಒಂದರದನ್ನು ಮೂರಕ್ಕೆ ಹಾಕಿ ನೋಡಿದೆ. ಮಿಸ್ಸಿಂಗ್ ಮೂರರಲ್ಲೇ ಉಳಿಯಿತು. ಮಲ್ಟಿಮೀಟರ್ ತೆಗೆದು ವೈರಿನ ರೆಸಿಸ್ಟೆನ್ಸ್ ಅಳೆದೆ. ಇದರ ಲೆಕ್ಕ ಮೀಟರಿಗೆ 16 ಕಿಲೋ ಓಮ್. ಉದ್ದಕ್ಕೆ ತಕ್ಕ ಹಾಗೆ ಸರಿಯಾಗೇ ಇತ್ತು. ಇಲ್ಲಿ ಬಹಳ ಜನ ವೈರ್ ಚೆನ್ನಾಗಿದೆ ಎಂದು ಮುಂದೆ ಹೋಗಿಬಿಡುತ್ತಾರೆ. ಮೀಟರು ಅಳೆಯುವುದು ಒಳಗಿನ ತಂತಿಯನ್ನು. ಹೊರಗಿನ ರಬ್ಬರು ಸಾವಿರಾರು ವೋಲ್ಟನ್ನು ತಡೆದು ಹಿಡಿಯುತ್ತದೋ ಇಲ್ಲವೋ ಎಂದು ಒಂಬತ್ತು ವೋಲ್ಟಿನ ಬ್ಯಾಟರಿಗೆ ಹೇಗೆ ಗೊತ್ತಾಗಬೇಕು?

ಚಿಕ್ಕಪ್ಪ ಹೇಳಿದ ಪರೀಕ್ಷೆಗೆ ರಾತ್ರಿ ಒಂಬತ್ತಕ್ಕೆ ನಿಂತೆ. ಹೊಗೆ ಹೋಗಲೆಂದು ಗ್ಯಾರೇಜಿನ ಬಾಗಿಲು ತೆರೆದಿಟ್ಟು, ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದೆ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಎರಡೇ ಸಲ ಚಿಮುಕಿಸಿದೆ. ಮೂರನೆಯ ಗುಂಡಿಯ ಬಾಯಲ್ಲಿ, ಬೂಟಿನ ಕುತ್ತಿಗೆಯಿಂದ ಕ್ಯಾಮ್ ಕವರಿನ ಅಲ್ಯುಮಿನಿಯಮ್ಮಿಗೆ ನೀಲಿ ದಾರ ಚಿಟ್ ಎಂದು ಹಾರಿತು. ಮತ್ತೆ ಹಾರಿತು. ಒಂದೊಂದು ದಾರಕ್ಕೂ ಇಂಜಿನ್ ಒಂದೊಂದು ಸಲ ತಡವರಿಸಿತು. ವಾರದಿಂದ ನಾನು ಕಿವಿಯಲ್ಲಿ ಕೇಳುತ್ತಿದ್ದದ್ದು ಕಣ್ಣಿಗೆ ಕಂಡಿತು. ಅಲ್ಲೇ ನಿಂತು ತಿಪಟೂರಿಗೆ ವಿಡಿಯೊ ಕಳಿಸಿದೆ.

ಏರಿನಲ್ಲೇ ಯಾಕೆ ಮಿಸ್ಸಿಂಗ್ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಗಾಳಿ ಹೆಚ್ಚು ತುಂಬುತ್ತದೆ, ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಗ್ಯಾಪ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಕರೆಂಟಿಗೆ ಹೊರಗೆ ಸುಲಭದ ದಾರಿ ಸಿಕ್ಕರೆ ಆ ಕಡೆ ಹೋಗಿಬಿಡುತ್ತದೆ. ತೇವ ಆ ದಾರಿಯನ್ನು ಇನ್ನೂ ಸುಲಭ ಮಾಡುತ್ತದೆ.

ಹೊಸ ವೈರ್ ಸೆಟ್, ನಾಲ್ಕು ಪ್ಲಗ್, ಕ್ಯಾಮ್ ಕವರ್ ಪ್ಯಾಕಿಂಗ್ ತರಿಸಿದೆ. ಪ್ಯಾಕಿಂಗ್ ಹಾಕುವಾಗ ಹಳೆಯ ಸಿಲಿಕೋನನ್ನು ಪೂರ್ತಿ ಕೆರೆದು ತೆಗೆದು, ಮುಂದಿನ ಹಿಂದಿನ ಮೂಲೆಗಳಲ್ಲಿ, ಕ್ಯಾಮ್ ಕ್ಯಾಪ್ ಕೂಡುವ ಜಾಗದಲ್ಲಿ ಮಾತ್ರ ಹೊಸದಾಗಿ ಒಂದು ಚುಕ್ಕೆ ಸಿಲಿಕೋನ್ ಇಟ್ಟೆ. ಬೋಲ್ಟುಗಳಿಗೆ 5ರಿಂದ 9 ನ್ಯೂಟನ್ ಮೀಟರ್ ಸಾಕು. ಸೋರುತ್ತದೆಂಬ ಹೆದರಿಕೆಗೆ ಬಿಗಿದರೆ ಹೆಡ್ಡಿನ ಥ್ರೆಡ್ ಕಿತ್ತುಬರುತ್ತದೆ. ಮರುದಿನ ಏರಿಗೆ ಹೋದೆ. ಮೂರನೇ ಗೇರಿನಲ್ಲಿ ತುಳಿದರೆ ಗಾಡಿ ಒಂದೇ ಉಸಿರಿಗೆ ಹತ್ತಿತು.

ಟಿಕಟಿಕ ಹಾಗೇ ಇತ್ತು.

ಫೋನಿನಲ್ಲಿ ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಆ ಸದ್ದಿನ ಅಲೆ ನೋಡಿದೆ. ಸುಮಾರು ಎಪ್ಪತ್ತು ಮೊನೆಗಳು, ಅಂದರೆ ಸೆಕೆಂಡಿಗೆ ಏಳು. ಇಂಜಿನ್ ನಿಮಿಷಕ್ಕೆ 850 ಸುತ್ತುತ್ತಿತ್ತು, ಸೆಕೆಂಡಿಗೆ ಹದಿನಾಲ್ಕು. ಸದ್ದು ಅದರ ಅರ್ಧ. ಕ್ಯಾಮ್‌ಶಾಫ್ಟು ಇಂಜಿನ್ನಿನ ಕೆಳಗಿನ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಕೆಳಗಿನ ಬೇರಿಂಗಿನ ಭಯ ಬಹುಮಟ್ಟಿಗೆ ಕಳೆಯಿತು. ಆದರೆ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಒಂದು ಕಡೆ ಸೋರಿದರೂ ಎರಡು ಸುತ್ತಿಗೆ ಒಂದೇ ಸಲ ಟಿಕ್ ಎನ್ನುತ್ತದೆ. ಅದನ್ನು ಬೇರೆ ಮಾಡಲು ಇಂಜೆಕ್ಟರುಗಳನ್ನು ಮತ್ತೆ ಒಂದೊಂದಾಗಿ ಕಿತ್ತೆ. ಸೋರಿಕೆಯಾಗಿದ್ದರೆ ಆ ಸಿಲಿಂಡರು ಉರಿಯುವುದು ನಿಂತಾಗ ಟಿಕ್ ಸದ್ದು ಮೆತ್ತಗಾಗಬೇಕು. ಯಾವುದನ್ನು ಕಿತ್ತರೂ ಬದಲಾಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕ್ಯಾಮ್ ಕವರಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾ ಹೋದೆ. ಇಂಜೆಕ್ಟರುಗಳದ್ದು ಸಣ್ಣ, ಸಮನಾದ ಸದ್ದು, ಅದು ಇರಬೇಕಾದದ್ದೇ. ಎಕ್ಸಾಸ್ಟ್ ಕಡೆ, ಎರಡನೇ ಸಿಲಿಂಡರಿನ ಮೇಲೆ ಚಮಚದಿಂದ ಲೋಟಕ್ಕೆ ಹೊಡೆದಂತೆ ಸ್ಪಷ್ಟವಾಗಿತ್ತು.

ಹೈಡ್ರಾಲಿಕ್ ಟ್ಯಾಪೆಟ್ಟಿನೊಳಗೆ ಒಂದು ಪುಟ್ಟ ಪಿಸ್ಟನ್, ಸ್ಪ್ರಿಂಗು, ಆಯಿಲ್ ಹಿಂದಕ್ಕೆ ಹೋಗದಂತೆ ತಡೆಯುವ ಗುಂಡು ಇರುತ್ತವೆ. ಒಳಗೆ ಆಯಿಲ್ ತುಂಬಿ ಗಟ್ಟಿಯಾಗಿ ನಿಂತರೆ ಕ್ಯಾಮಿಗೂ ಅದಕ್ಕೂ ನಡುವೆ ಸಂದಿಲ್ಲ. ಕೊಳೆ ಕೂತರೆ ಅಥವಾ ಆಯಿಲ್ಲಿನಲ್ಲಿ ಗಾಳಿಗುಳ್ಳೆ ಸೇರಿದರೆ ಅದು ಮೆತ್ತಗಾಗುತ್ತದೆ, ಸಂದು ಬೀಳುತ್ತದೆ, ಕ್ಯಾಮ್ ಬಂದು ಕುಟ್ಟುತ್ತದೆ. ಚಿಕ್ಕಪ್ಪ ಕೇಳಿದ್ದ ಪ್ರಶ್ನೆ ನೆನಪಾಗಿ ಡಿಪ್‌ಸ್ಟಿಕ್ ಎಳೆದೆ. ಕೆಳಗಿನ ಗುರುತಿಗೂ ತಾಕಿರಲಿಲ್ಲ. ಆಯಿಲ್ ಬದಲಿಸಿ ಹನ್ನೊಂದು ತಿಂಗಳಾಗಿತ್ತು. ಒಣಗಿದ ಪ್ಯಾಕಿಂಗಿನಿಂದ ದಿನದಿನಕ್ಕೂ ತೊಟ್ಟು ತೊಟ್ಟು ಹೋಗಿತ್ತು. ಎರಡು ತೊಂದರೆಗೂ ನಿಜಕ್ಕೂ ಒಂದು ನಂಟಿತ್ತು, ಆದರೆ ಅದು ಹೆಡ್ಡಿನೊಳಗಿನ ವಾಲ್ವಿನಲ್ಲಲ್ಲ, ಒಂದು ರಬ್ಬರ್ ಪ್ಯಾಕಿಂಗಿನಲ್ಲಿ.

ಆಯಿಲ್ ಫಿಲ್ಟರ್ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅವಿತಿದೆ. ಮೊಣಕೈವರೆಗೆ ಗೀರು ಬೀಳದೆ ಅದು ಕೈಗೆ ಬರುವುದಿಲ್ಲ. ಹೊಸ ಫಿಲ್ಟರ್, 10ಡಬ್ಲ್ಯು-30 ಆಯಿಲ್ ಹಾಕಿದೆ. ತಕ್ಷಣ ಸದ್ದು ಅರ್ಧಕ್ಕಿಳಿಯಿತು, ಪೂರ್ತಿ ಹೋಗಲಿಲ್ಲ. ಟ್ಯಾಪೆಟ್ ತೆಗೆಯಬೇಕೆಂದರೆ ಟೈಮಿಂಗ್ ಬೆಲ್ಟ್ ಬಿಚ್ಚಿ ಕ್ಯಾಮ್‌ಶಾಫ್ಟ್ ಎತ್ತಬೇಕು. ಅಷ್ಟು ಆತುರ ಬೇಡವೆನಿಸಿತು. ಡಬ್ಬಿಯಲ್ಲಿ ಸಿಗುವ ಫ್ಲಷ್ ದ್ರವಗಳನ್ನೂ ಹಾಕಲಿಲ್ಲ. ಒಳಗಿನ ಕೊಳೆ ಒಂದೇ ಸಲ ಕಿತ್ತು ಬಂದು ಸಣ್ಣ ರಂಧ್ರಗಳಿಗೆ ಅಡ್ಡ ಕೂರುವ ಅಪಾಯವನ್ನು ಹಳೆಯ ಇಂಜಿನ್ನಿಗೆ ನಾನು ಒಡ್ಡುವುದಿಲ್ಲ. ಚೆನ್ನಾಗಿ ಬಿಸಿಯಾಗುವಷ್ಟು ದೂರ ದಿನವೂ ಓಡಿಸಿದೆ, 800 ಕಿಲೋಮೀಟರಿಗೆ ಮತ್ತೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿದೆ. ಇದರ ಆಯಿಲ್ ಪ್ರೆಷರ್ ಮುಳ್ಳು ನಿಜವಾದ ಒತ್ತಡ ತೋರಿಸುತ್ತದೆ. 1995ರಿಂದ ಬಂದ ಮಿಯಾಟಾಗಳಲ್ಲಿ ಅದು ಒತ್ತಡ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಈ ನಾಲ್ಕು ವಾರ ಆ ಮುಳ್ಳು ನನಗೆ ಬಹಳ ಧೈರ್ಯ ಕೊಟ್ಟಿತು.

ಈಗ ತಣ್ಣನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಾಲ್ಕೈದು ಸೆಕೆಂಡು ಟಿಕಟಿಕ ಅನ್ನುತ್ತದೆ, ಆಯಿಲ್ ಮೇಲೇರಿದ ಮೇಲೆ ಸುಮ್ಮನಾಗುತ್ತದೆ. ಮೊನ್ನೆ ಭಾನುವಾರ ಮೂರನೆಯ ಗುಂಡಿಯ ಬೂಟು ಎಳೆದು, ಸ್ಕ್ರೂಡ್ರೈವರಿನ ತುದಿಗೆ ಟಿಶ್ಯೂ ಸುತ್ತಿ ತಳಕ್ಕೆ ಇಳಿಸಿ ಒತ್ತಿ ತೆಗೆದೆ. ಟಿಶ್ಯೂ ಒಣಗಿಯೇ ಬಂತು.