ಅಪ್ಪೆಮಿಡಿಗೆ ಇಪ್ಪತ್ತೇಳು ಬೈಟ್

ನಮ್ಮ ನರ್ಸರಿ ಇರುವುದು ಸಿದ್ದಾಪುರ ತಾಲ್ಲೂಕಿನಲ್ಲಿ, ಅಘನಾಶಿನಿಯ ಕಣಿವೆಗೆ ಇಳಿಯುವ ದಾರಿಯಲ್ಲಿ. ಅಂಗಳದ ತುಳಸಿಕಟ್ಟೆಯ ಪಕ್ಕ ನಿಂತರೆ ಮೊಬೈಲಿಗೆ ಸಿಗ್ನಲ್ಲಿನ ಒಂದು ಗೀಟು ಸಿಗುತ್ತದೆ. ತೋಟಕ್ಕೆ ಇಳಿದರೆ ಅದೂ ಇಲ್ಲ. ಅಪ್ಪೆಮಿಡಿ ಮಾವಿನ ಕಸಿ ಗಿಡ ಮಾರುವುದು ನನ್ನ ಕೆಲಸ: ಜೀರಿಗೆ, ಮಾಳಂಜಿ, ಅನಂತ ಭಟ್ಟನ ಅಪ್ಪೆ, ಹೀಗೆ ಹಲವು ತಳಿ. ಈ ಗಿಡಗಳ ಒಂದು ಕಷ್ಟವೆಂದರೆ ಕವರಿನಲ್ಲಿರುವಾಗ ಎಲ್ಲವೂ ಒಂದೇ ತರಹ ಕಾಣುತ್ತವೆ. ಎಲೆ ಹೊಸಕಿ ಮೂಸಿ ಹೇಳುವ ಹಿರಿಯರು ಇದ್ದಾರೆ, ಆದರೆ ಕೊಳ್ಳುವವರಿಗೆ ಅದು ಬರುವುದಿಲ್ಲ. ತಳಿ ಅದಲುಬದಲಾದದ್ದು ಗೊತ್ತಾಗುವುದು ಕೆಲವು ವರ್ಷ ಕಳೆದು ಮಿಡಿ ಬಿಟ್ಟ ಮೇಲೆ. ಆಗ ಬೈಗುಳ ಬರುವುದು ನನಗೆ.

ಮೊದಲೆಲ್ಲ ಚೀಟಿ ಬರೆದು ಕಟ್ಟುತ್ತಿದ್ದೆ. ತಳಿಯ ಹೆಸರು, ಕಸಿ ಮಾಡಿದ ತಿಂಗಳು, ನೆಡುವ ಬಗೆ. ಎಷ್ಟು ಚಿಕ್ಕದಾಗಿ ಬರೆದರೂ ಅರ್ಧ ಹೇಳುವುದರೊಳಗೆ ಚೀಟಿ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ರಜೆಗೆ ಬಂದವನು, ‘ಮಾವ, ಕ್ಯೂಆರ್ ಕೋಡ್ ಹಾಕು’ ಎಂದ. ಒಂದು ಜಾಲತಾಣದಲ್ಲಿ ಉಚಿತವಾಗಿ ಮಾಡಿಯೂ ಕೊಟ್ಟ. ಇನ್ನೂರು ಚೀಟಿ ಅಚ್ಚು ಹಾಕಿಸಿದೆ. ನೋಡಲು ಚೆನ್ನಾಗಿತ್ತು. ಆದರೆ ಅದರೊಳಗೆ ಇದ್ದದ್ದು ನನ್ನ ಬರಹವಲ್ಲ, ಆ ತಾಣದಲ್ಲಿಟ್ಟ ಬರಹದ ವಿಳಾಸ. ತೋಟದಲ್ಲಿ ನೆಟ್‌ವರ್ಕ್ ಇಲ್ಲದವರಿಗೆ ಏನೂ ಕಾಣಲಿಲ್ಲ. ಎರಡು ವಾರದ ಬಳಿಕ ನೆಟ್‌ವರ್ಕ್ ಇದ್ದವರಿಗೂ ಕಾಣಲಿಲ್ಲ, ಏಕೆಂದರೆ ಉಚಿತದ ಅವಧಿ ಮುಗಿದಿತ್ತು. ಮುಂದುವರಿಸಲು ತಿಂಗಳಿಗೆ ಇಷ್ಟು ಕಟ್ಟಿ ಎಂಬ ಪುಟ ತೆರೆಯುತ್ತಿತ್ತು. ಇನ್ನೂರು ಚೀಟಿ ಒಲೆಗೆ ಹೋದವು.

ಕೋಡ್ ಮಾಡಿದ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಓದಿಸಿ ನೋಡುವ ಅಭ್ಯಾಸ ಆಗ ಬಂತು. ಬರೆದದ್ದು ಬರೆದ ಹಾಗೆ ಕಂಡರೆ ಸರಿ. ವಿಳಾಸ ಕಂಡರೆ ಆ ಚೀಟಿಯ ಆಯುಸ್ಸು ಬೇರೆಯವರ ಕೈಯಲ್ಲಿದೆ.

ಕ್ಯೂಆರ್ ಕೋಡಿನೊಳಗೆ ನೇರವಾಗಿ ಬರಹವನ್ನೇ ತುಂಬಬಹುದು ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಅತಿ ದೊಡ್ಡ ಕೋಡಿನಲ್ಲಿ 2,953 ಬೈಟ್ (ಕಂಪ್ಯೂಟರ್ ಬರಹವನ್ನು ಅಳೆಯುವ ಅಳತೆ) ಹಿಡಿಯುತ್ತದೆ ಎಂದು ತಿಳಿದಾಗ ಮೂರು ಸಾವಿರ ಅಕ್ಷರ ಸಿಕ್ಕಿತೆಂದು ಹಿಗ್ಗಿ, ಗುಂಡಿ ತೋಡುವುದರಿಂದ ಹಿಡಿದು ಮಿಡಿಯನ್ನು ಉಪ್ಪಿಗೆ ಹಾಕುವವರೆಗೆ ಬರೆದುಕೊಂಡೆ. ತಂತ್ರಾಂಶ ಒಪ್ಪಲಿಲ್ಲ. ಅಲ್ಲಿಂದ ನನ್ನ ನಿಜವಾದ ಪಾಠ ಶುರುವಾಯಿತು.

ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ, ಎಲ್ಲ ಲಿಪಿಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ, ಮೂರು ಬೇಕು. ಅದೂ ನಾವು ಅಕ್ಷರವೆಂದು ಎಣಿಸುವುದಕ್ಕೆ ಮೂರಲ್ಲ, ಅದರ ಒಂದೊಂದು ತುಂಡಿಗೆ ಮೂರು. ‘ಅಪ್ಪೆಮಿಡಿ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು ಅ, ಪ, ಅರ್ಧಾಕ್ಷರದ ಗುರುತು, ಮತ್ತೊಂದು ಪ, ಎತ್ವ, ಮ, ಗುಡಿಸು, ಡ, ಗುಡಿಸು: ಒಟ್ಟು ಒಂಬತ್ತು ತುಂಡು, ಇಪ್ಪತ್ತೇಳು ಬೈಟ್. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಎಂಟೇ ಬೈಟ್. ‘ಹಾಗಾದರೆ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆ ಮಾವ’ ಎಂದ ನಮ್ಮ ಹುಡುಗ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಆ ಓಲೆಯನ್ನು ಓದಿಸಲು ಅವರು ಮೊಮ್ಮಕ್ಕಳನ್ನು ಕರೆಯಬೇಕಾಗುತ್ತದೆ. ಬೇಡ ಎಂದೆ.

ಇಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿನ ಮಾತನ್ನೂ ಆಡಿಬಿಡುತ್ತೇನೆ. ಈ ಕೋಡ್ 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ್ದು. ಮಾಸಾಹಿರೊ ಹಾರಾ ಎಂಬ ಎಂಜಿನಿಯರ್ ಅದರ ಹಿಂದಿದ್ದರು. ಅವರು ಜಪಾನೀ ಕಾಂಜಿ ಲಿಪಿಗೆಂದೇ ಒಂದು ಒಳದಾರಿ ಮಾಡಿಕೊಂಡರು: ಒಂದು ಕಾಂಜಿ ಅಕ್ಷರಕ್ಕೆ ಹದಿಮೂರು ಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ನಮ್ಮ ಒಂದು ಗುಡಿಸಿಗೆ ಇಪ್ಪತ್ತನಾಲ್ಕು! ತಮ್ಮ ಮನೆಯ ಬಾಗಿಲನ್ನು ತಮ್ಮ ಎತ್ತರಕ್ಕೆ ಇಟ್ಟುಕೊಂಡರು, ತಪ್ಪೇನಿಲ್ಲ. ನಾವು ಬಗ್ಗಿ ಹೋಗಬೇಕು, ಅಷ್ಟೇ.

ಬಗ್ಗುವುದೆಂದರೆ ಮಾತು ಕಡಿಮೆ ಮಾಡುವುದು. 2,880 ಬೈಟಿಗೆ ಇಳಿಸಿದ ಬರಹ ಅತಿ ದೊಡ್ಡ ಕೋಡಿನಲ್ಲಿ ಹಿಡಿಯಿತು. ಕೋಡಿನ ಗಾತ್ರಕ್ಕೆ ಆವೃತ್ತಿ ಎನ್ನುತ್ತಾರೆ, ಅದು ನಲವತ್ತನೆಯ ಆವೃತ್ತಿ. ಉದ್ದಕ್ಕೆ 177, ಅಗಲಕ್ಕೆ 177 ಚುಕ್ಕಿ. ಸುತ್ತ ನಾಲ್ಕು ಚುಕ್ಕಿಯಷ್ಟು ಬಿಳಿ ಅಂಚು ಬಿಡಲೇಬೇಕಾದ್ದರಿಂದ ಅದು 185 ಆಯಿತು. ಆರು ಸೆಂಟಿಮೀಟರ್ ಅಗಲದ ಚೀಟಿಯಲ್ಲಿ ಒಂದು ಚುಕ್ಕಿಗೆ ಮಿಲಿಮೀಟರಿನ ಮೂರನೇ ಒಂದು ಭಾಗವೂ ಸಿಗಲಿಲ್ಲ. ನನ್ನ ಮೊಬೈಲ್ ಓದಿತು. ಪಕ್ಕದ ಮನೆಯವರ ಹಳೆಯ ಮೊಬೈಲ್ ಅದರ ಮುಂದೆ ತಪಸ್ಸಿಗೆ ಕುಳಿತಂತೆ ಕುಳಿತಿತ್ತು. ಹತ್ತಾರು ಫೋನುಗಳಲ್ಲಿ ನೋಡಿ ನಾನು ನೆಲೆ ನಿಂತದ್ದು ಚುಕ್ಕಿಗೆ ಅರ್ಧ ಮಿಲಿಮೀಟರ್ ಎಂಬಲ್ಲಿಗೆ. ಆ ಲೆಕ್ಕದಲ್ಲಿ ನನ್ನ ಚೀಟಿಗೆ ಸರಿಹೋಗುವುದು ಇಪ್ಪತ್ತನೆಯ ಆವೃತ್ತಿ, 97 ಚುಕ್ಕಿಯದು. ತಪ್ಪು ತಿದ್ದಿಕೊಳ್ಳುವ ಶಕ್ತಿಯಲ್ಲಿ ನಾಲ್ಕು ಮಟ್ಟಗಳಿವೆ. ಕೆಳಗಿನಿಂದ ಎರಡನೆಯದನ್ನು ಆರಿಸಿಕೊಂಡೆ. ಸುಮಾರು 15 ಶೇಕಡಾ ಹಾಳಾದರೂ ಓದುತ್ತದೆ. ಆಗ ಸಿಗುವುದು 666 ಬೈಟ್.

ನಮ್ಮ ಅಪ್ಪ ತಂತಿ ಬರೆಯುತ್ತಿದ್ದದ್ದು ನೆನಪಾಯಿತು. ಪದಕ್ಕೆ ಇಷ್ಟೆಂದು ಕಾಸು ಬೀಳುತ್ತಿದ್ದ ಕಾಲ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಪದ ಹೊಡೆದು ಹಾಕುತ್ತಿದ್ದರು. ನಾನೂ ಹಾಗೇ ಕುಳಿತೆ. ‘ಗಿಡ ನೆಡುವಾಗ ಕಸಿಯ ಗಂಟು ಮಣ್ಣಿನಲ್ಲಿ ಹೂತುಹೋಗದಂತೆ ದಯವಿಟ್ಟು ಎಚ್ಚರ ವಹಿಸಬೇಕು’ ಎಂದು ಬರೆದಿದ್ದೆ, 188 ಬೈಟ್. ‘ಕಸಿಗಂಟು ಮಣ್ಣಿನ ಮೇಲಿರಲಿ’ ಎಂದರೆ 62. ‘ದಯವಿಟ್ಟು’ ಒಂದೇ 24 ಬೈಟ್ ತಿನ್ನುತ್ತದೆ. ವಿನಯ ಬಹಳ ದುಬಾರಿ. ಅಂಕಿಗಳನ್ನು ಕನ್ನಡದಲ್ಲಿ ಬರೆದರೆ ಒಂದೊಂದಕ್ಕೂ ಮೂರು ಬೈಟ್, 1 2 3 ಎಂದು ಬರೆದರೆ ಒಂದೊಂದೇ. ಖಾಲಿ ಜಾಗ, ಪೂರ್ಣವಿರಾಮ, ಅಲ್ಪವಿರಾಮಗಳಿಗೂ ಒಂದೇ ಬೈಟ್. ಹಾಗಾಗಿ ಸಂಧಿ ಮಾಡಿ ಉದ್ದುದ್ದ ಪದ ಕಟ್ಟಿ ಜಾಗ ಉಳಿಸುತ್ತೇನೆ ಎಂದುಕೊಂಡರೆ ಹೆಚ್ಚೇನೂ ಉಳಿಯುವುದಿಲ್ಲ. ‘ನೆಟ್‌ವರ್ಕ್’ ಎಂಬಂತಹ ಪದಗಳಲ್ಲಿ ಅರ್ಧಾಕ್ಷರ ಒತ್ತಾಗದ ಹಾಗೆ ಕಾಣದ ಗುರುತೊಂದನ್ನು ಹಾಕುತ್ತೇವಲ್ಲ, ಕಣ್ಣಿಗೆ ಕಾಣದಿದ್ದರೂ ಅದು ಮೂರು ಬೈಟ್ ನುಂಗುತ್ತದೆ. ಇಷ್ಟೆಲ್ಲ ಕತ್ತರಿಸಿದ ಮೇಲೂ ಉಪ್ಪಿನಕಾಯಿಯ ಭಾಗ ಹಿಡಿಯಲಿಲ್ಲ. ಅದನ್ನು ಚೀಟಿಯ ಹಿಂಬದಿಗೆ ಎರಡನೆಯ ಕೋಡಾಗಿ ಹಾಕಿ, ಬರಹದ ಮೊದಲಲ್ಲೇ ‘2ರಲ್ಲಿ 1’, ‘2ರಲ್ಲಿ 2’ ಎಂದು ಬರೆದೆ. ಹದಿನಾರು ಕೋಡುಗಳವರೆಗೆ ಒಂದಕ್ಕೊಂದು ಜೋಡಿಸುವ ವ್ಯವಸ್ಥೆ ಈ ಪದ್ಧತಿಯಲ್ಲೇ ಇದೆ, ಆದರೆ ಮಾಮೂಲಿ ಫೋನುಗಳು ಅದನ್ನು ಜೋಡಿಸಿ ಓದುವುದಿಲ್ಲ.

ಕೋಡ್ ತಯಾರಿಸಲು ಈಗ ಬಳಸುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೆಗ್ನೋ ಎಂಬ ಉಚಿತ ತಂತ್ರಾಂಶ. ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಅದಕ್ಕೆ ಇಂಟರ್ನೆಟ್ ಬೇಡ. ಮೊದಲ ಸಲ ಒಂದು ಫೋನಿನಲ್ಲಿ ಕನ್ನಡದ ಬದಲು ತಲೆಯ ಮೇಲೆ ಗೀಟಿರುವ ಲ್ಯಾಟಿನ್ ‘ಎ’ಗಳ ಸಾಲೇ ಕಾಣಿಸಿತು. ಒಳಗಿನ ಬೈಟುಗಳು ಸರಿಯಾಗಿಯೇ ಇದ್ದವು, ಅದು ಯುಟಿಎಫ್-8 ಎಂದು ಆ ಫೋನಿಗೆ ಹೇಳುವವರು ಇರಲಿಲ್ಲ. ತಂತ್ರಾಂಶದಲ್ಲಿ ಇಸಿಐ ಎಂಬ ಆಯ್ಕೆ ಇದೆ. ಅದನ್ನು ಬಳಸಿದರೆ ಲಿಪಿಯ ಪದ್ಧತಿ ಯಾವುದೆಂಬ ಗುರುತೂ ಕೋಡಿನೊಳಗೆ ಸೇರುತ್ತದೆ. ಆ ಫೋನು ಸರಿಹೋಯಿತು. ಕೆಲವು ಕ್ಯಾಮೆರಾಗಳು ಬರಹ ತೋರಿಸುವುದನ್ನು ಬಿಟ್ಟು ಅದನ್ನು ಅಂತರ್ಜಾಲದಲ್ಲಿ ಹುಡುಕಲು ಹೊರಡುತ್ತವೆ. ಅಂಥವರಿಗೆ ಬೈನರಿ ಐ ಎಂಬ ಉಚಿತ ಆ್ಯಪ್ ಹಾಕಿಕೊಡುತ್ತೇನೆ, ತುಳಸಿಕಟ್ಟೆಯ ಪಕ್ಕದಲ್ಲೇ ನಿಲ್ಲಿಸಿ.

ಮಳೆಗಾಲ ಇನ್ನಷ್ಟು ಕಲಿಸಿತು. ಇಂಕ್‌ಜೆಟ್ ಶಾಯಿ ಜೂನ್ ಮೊದಲ ವಾರದಲ್ಲೇ ಹರಿದುಹೋಯಿತು. ಬಸ್ ಟಿಕೆಟಿನ ತರಹದ ಕಾಗದ ಬಿಸಿಲಿಗೆ ಬಿಳುಚಿತು. ಲೇಸರ್ ಅಚ್ಚು ಹಾಕಿಸಿ ಲ್ಯಾಮಿನೇಶನ್ ಮಾಡಿಸಿದರೆ, ದಾರ ಕಟ್ಟಲು ಹೊಡೆದ ತೂತಿನಿಂದ ನೀರು ಒಳಗಿಳಿದು ಕಾಗದ ಬೂಸ್ಟು ಹಿಡಿಯಿತು. ಈಗ ಕಾಗದವನ್ನು ಚಿಕ್ಕದಾಗಿ ಕತ್ತರಿಸಿ, ಸುತ್ತ ಬರೀ ಪ್ಲಾಸ್ಟಿಕ್ಕಿನ ಅಂಚು ಬಿಟ್ಟು, ತೂತನ್ನು ಆ ಅಂಚಿಗೆ ಹೊಡೆಯುತ್ತೇವೆ. ಒಮ್ಮೆ ನಮ್ಮ ಕೆಲಸದವನು ಅವಸರದಲ್ಲಿ ಐವತ್ತು ಚೀಟಿಗಳಿಗೆ ಸರಿಯಾಗಿ ಮೂಲೆಯ ದೊಡ್ಡ ಚೌಕದ ಮೇಲೆಯೇ ತೂತು ಹೊಡೆದಿದ್ದ. 15 ಶೇಕಡಾ ಹಾಳಾದರೂ ಓದುತ್ತದೆ ಎಂಬ ಧೈರ್ಯದಲ್ಲಿದ್ದೆ, ಒಂದೂ ಓದಲಿಲ್ಲ. ಮೂಲೆಯ ಮೂರು ಚೌಕಗಳು ಕೋಡ್ ಎಲ್ಲಿದೆ ಎಂದು ಹುಡುಕಲು ಇರುವಂಥವು, ಆ ರಿಯಾಯಿತಿ ಅವುಗಳಿಗಿಲ್ಲ. ನಡುವೆ ಮಣ್ಣು ಮೆತ್ತಿದ ಚೀಟಿಗಳು ಮಾತ್ರ ಆರಾಮವಾಗಿ ಓದುತ್ತವೆ.

ಇದಕ್ಕಿಂತ ಹೆಚ್ಚು ಕಾಡಿದ್ದು ಹಣ ಕಳಿಸುವ ಆ್ಯಪುಗಳು. ನಮ್ಮ ಕಡೆ ಕ್ಯೂಆರ್ ಎಂದರೆ ದುಡ್ಡು ಕೊಡುವ ಜಾಗ ಎಂದೇ ಅರ್ಥ. ಹಿರಿಯರೊಬ್ಬರು ಗಿಡದ ಚೀಟಿಗೆ ಮೂರು ಸಲ ಮೊಬೈಲ್ ಹಿಡಿದು, ‘ಹೆಗಡೆಯವರೇ, ನಿಮ್ಮ ಖಾತೆ ಕೆಟ್ಟಿದೆ, ದುಡ್ಡು ಹೋಗುತ್ತಿಲ್ಲ’ ಎಂದರು. ಮರುದಿನವೇ ಚೀಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಓದುವ ಕೋಡ್, ಹಣದ್ದಲ್ಲ’ ಎಂದು ಸೇರಿಸಿದೆ. ತಳಿಯ ಹೆಸರನ್ನೂ ಕೋಡಿನ ಹೊರಗೆ ಬರೆಯುತ್ತೇನೆ. ಫೋನೇ ಇಲ್ಲದವರು ಇದ್ದಾರೆ.

ನೆಟ್ಟ ಗಿಡಕ್ಕೆ ಕಟ್ಟುವುದು ಈಗಲೂ ಹೆಸರು ಗೀಚಿದ ಅಲ್ಯೂಮಿನಿಯಂ ಪಟ್ಟಿಯನ್ನೇ. ಕೋಡಿನ ಚೀಟಿ ಮನೆಯೊಳಗೆ ಇರಲಿ ಎನ್ನುತ್ತೇನೆ. ಕಳೆದ ವರ್ಷ ಘಟ್ಟದ ಕೆಳಗಿನ ಊರಿನಿಂದ ಒಬ್ಬರು ಹೆಂಗಸು ಬಂದರು. ಅವರ ಕೈಯಲ್ಲಿದ್ದದ್ದು ನನ್ನ ಚೀಟಿಯ ಜೆರಾಕ್ಸ್, ಅದೂ ಜೆರಾಕ್ಸಿನ ಜೆರಾಕ್ಸ್. ನಾದಿನಿಯ ಮನೆಯಲ್ಲಿ ಗಿಡ ನೋಡಿ, ಚೀಟಿಯನ್ನು ನಕಲು ಮಾಡಿಸಿಕೊಂಡು ಬಂದಿದ್ದರು. ಹೊರಗೆ ಬರೆದಿದ್ದ ಹೆಸರು ಅಳಿಸಿಹೋಗಿ ಬರೀ ಕಪ್ಪು ಕಲೆಯಾಗಿತ್ತು. ಮೊಬೈಲ್ ಹಿಡಿದೆ. ‘ಜೀರಿಗೆ ಅಪ್ಪೆಮಿಡಿ. ಕಸಿಗಂಟು ಮಣ್ಣಿನ ಮೇಲಿರಲಿ’ ಎಂದು ಒಂದು ಗುಡಿಸೂ ತಪ್ಪದೆ ಬಂತು. ಜೀರಿಗೆ ಅಷ್ಟರಲ್ಲಿ ಖರ್ಚಾಗಿತ್ತು. ಮಾಳಂಜಿ ಕೊಟ್ಟು, ಮುಂದಿನ ಜೂನಿಗೆ ಬನ್ನಿ ಎಂದು ಕಳಿಸಿದೆ.