ಬಿದ್ರಿ ನಕ್ಷೆಗೆ ಎಐ ಬಳಸುವ ಬಗೆ: ಚಿತ್ರಕಲಾ ವಿದ್ಯಾರ್ಥಿಗಳಿಗೆ

ಬೀದರ್, ಕಲಬುರಗಿಯ ಚಿತ್ರಕಲಾ ವಿದ್ಯಾರ್ಥಿಗಳ ಮೊಬೈಲಿನಲ್ಲೂ ಚಿತ್ರ ರಚಿಸುವ ಎಐ ಈಗ ಇದೆ. ಅದನ್ನು ಬಳಸಬೇಕೇ ಬೇಡವೇ ಎಂಬ ಚರ್ಚೆಗಿಂತ, ಅದು ಕೊಟ್ಟ ಚಿತ್ರವನ್ನು ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಲೆಯ, ಕುಶಲಕರ್ಮಿಯ ಕೈಗೆ ಒಪ್ಪಿಸಬಹುದಾದ ನಕ್ಷೆಯಾಗಿಸುವುದನ್ನು ಕಲಿಯುವುದು ಲೇಸು.

ಮೊದಲು ಹೂದಾನಿಯ ಆಕಾರವನ್ನೂ ಬಳ್ಳಿ ಸಾಗುವ ದಾರಿಯನ್ನೂ ನೀವೇ ಪೆನ್ಸಿಲಿನಲ್ಲಿ ಬರೆದು, ಅದರ ಫೋಟೊವನ್ನು ತಂತ್ರಾಂಶಕ್ಕೆ ಕೊಡಿ. ‘ಸುಂದರವಾದ ಬಿದ್ರಿ ಹೂದಾನಿ’ ಎಂದಷ್ಟೇ ಕೇಳಿದರೆ ಹಿತ್ತಾಳೆಯ ಉಬ್ಬು ಕೆತ್ತನೆಯಂಥದ್ದು ಬರುವುದೂ ಉಂಟು. ಅದರ ಬದಲು ‘ಕಪ್ಪು ಮೈ, ಅದಕ್ಕೆ ಸಮನಾಗಿ ಕೂತ ಬೆಳ್ಳಿಯ ಗೆರೆ, ಗಸಗಸೆ ಹೂವಿನ ಬಳ್ಳಿ, ನೆರಳು ಬೇಡ, ಬೂದು ಬಣ್ಣ ಬೇಡ, ನಾನು ಬರೆದ ಆಕಾರ ಬದಲಾಗಬಾರದು’ ಎಂದು ಬಿಡಿಸಿ ಬರೆಯಿರಿ. ಚಿತ್ರದೊಳಗೆ ಕನ್ನಡ ಅಕ್ಷರ ಬೇಕಿದ್ದರೆ ಅದನ್ನು ಕೈಯಲ್ಲೇ ಬರೆಯುವುದು ಕ್ಷೇಮ, ಏಕೆಂದರೆ ಒತ್ತಕ್ಷರಗಳು ಆಗಾಗ ಕೆಡುತ್ತವೆ.

ಬಂದ ಚಿತ್ರವನ್ನು ಪರೀಕ್ಷಿಸುವುದೇ ನಿಜವಾದ ಕೆಲಸ. ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಎರಕಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಸವರಿ, ಅದರ ಮೇಲೆ ನಕ್ಷೆ ಗೀಚಿ, ಉಳಿಯಿಂದ ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಹಾಗೂ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ದ್ರಾವಣವು ಎರಕವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಹಾಗೇ ಬಿಡುತ್ತದೆ. ಹೀಗಾಗಿ ಇಲ್ಲಿರುವುದು ಎರಡೇ ಬಣ್ಣ. ಎಐ ಮಾತ್ರ ಎಲೆಯ ಅಂಚಿನಲ್ಲಿ ಕಪ್ಪನ್ನು ಬೆಳ್ಳಿಯೊಳಗೆ ಕರಗಿಸಿಬಿಡುತ್ತದೆ, ಬುಡವೇ ಇಲ್ಲದ ಬಳ್ಳಿಯನ್ನು ತೇಲಿಸುತ್ತದೆ, ಉಳಿಗೆ ಎಟುಕದಷ್ಟು ಸಣ್ಣ ಎಳೆಗಳನ್ನು ಎಳೆಯುತ್ತದೆ. ಆದ್ದರಿಂದ ಚಿತ್ರವನ್ನು ವಸ್ತುವಿನ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಟ್ರೇಸಿಂಗ್ ಕಾಗದದ ಮೇಲೆ ಪ್ರತಿ ಗೆರೆಯನ್ನೂ ತಿದ್ದಿ ಬರೆದು, ತಂತಿಗೆ ಯಾವುದು, ತಗಡಿಗೆ ಯಾವುದು ಎಂದು ಗುರುತು ಹಾಕಿ. ಬಳಿಕ ಕುಶಲಕರ್ಮಿಗೆ ತೋರಿಸಿ, ಅವರು ತೆಗೆಯಲು ಹೇಳಿದ್ದನ್ನು ವಾದ ಮಾಡದೆ ತೆಗೆಯಿರಿ. ಅವರ ಆ ಸಮಯಕ್ಕೂ ಹಣ ಸಲ್ಲಬೇಕು. ಅದನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಿ.

ಕೆಲಸಕ್ಕೆ ಅರ್ಜಿ ಹಾಕುವಾಗ ಕೊನೆಯ ಚಿತ್ರವೊಂದನ್ನೇ ಇಟ್ಟರೆ ಅದರಲ್ಲಿ ನಿಮ್ಮ ಪಾಲೆಷ್ಟು ಎಂಬುದು ಯಾರಿಗೂ ತಿಳಿಯದು. ಪೆನ್ಸಿಲ್ ಚಿತ್ರ, ಕೊಟ್ಟ ಸೂಚನೆ, ಕೈಬಿಟ್ಟ ಚಿತ್ರ ಮತ್ತು ಅದಕ್ಕೆ ಕಾರಣ, ತಿದ್ದಿದ ನಕ್ಷೆ ಇವನ್ನೆಲ್ಲ ಪೋರ್ಟ್‌ಫೋಲಿಯೊದಲ್ಲಿ ಸೇರಿಸಿ. ಕಂಪ್ಯೂಟರ್ ರಚಿಸಿದ ಕೃತಿಗೆ ಅದನ್ನು ರಚಿಸಲು ಕಾರಣರಾದವರೇ ಕರ್ತೃ ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಆದರೆ ಆ ಮಾತು ಸೇರಿದ್ದು 1994ರ ತಿದ್ದುಪಡಿಯಲ್ಲಿ, ಇಂದಿನ ಎಐ ಬರುವ ಎಷ್ಟೋ ಮೊದಲು. ಅದನ್ನೇ ನಂಬಿ ಕೂರದೆ ನಿಮ್ಮ ಕೈಚಿತ್ರಗಳನ್ನು ದಿನಾಂಕ ಸಮೇತ ಕಾಪಾಡಿಕೊಳ್ಳಿ. ಬಿದ್ರಿಗೆ ಭೌಗೋಳಿಕ ಸೂಚಕದ (ಊರಿನ ಹೆಸರಿಗೆ ಅಂಟಿದ ಉತ್ಪನ್ನಕ್ಕೆ ಕೊಡುವ ಜಿಐ ಗುರುತು) ಮಾನ್ಯತೆ ಇದೆ, ಹಾಗಾಗಿ ಮಗ್ ಮೇಲೆ ಮುದ್ರಿಸಿದ ಮಾದರಿಯನ್ನು ಬಿದ್ರಿ ಎಂದು ಕರೆಯುವುದು ಸಲ್ಲದು.

ಬ್ಯಾನರ್, ಲಗ್ನಪತ್ರಿಕೆಯ ಹಿನ್ನೆಲೆಯಂಥ ಸಣ್ಣ ಕೆಲಸಗಳು ಯಂತ್ರದ ಪಾಲಾಗುತ್ತವೆ ಎಂದೇ ನನ್ನ ಅಂದಾಜು. ಆಭರಣ, ಜವಳಿ, ಪ್ಯಾಕೇಜಿಂಗ್ ಕ್ಷೇತ್ರಗಳಿಗೆ ತಯಾರಿಕೆಗೆ ಒಗ್ಗುವ ನಕ್ಷೆ ಬೇಕು. ಅದಕ್ಕಾಗಿ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ರೇಖಾಚಿತ್ರ ತಂತ್ರಾಂಶ ಕಲಿತು, ತಿದ್ದಿದ ನಕ್ಷೆಯನ್ನು ಅದರಲ್ಲಿ ಮತ್ತೆ ಎಳೆದಿಡಿ. ಹೂದಾನಿಯ ಬಳ್ಳಿಯನ್ನು ಕಿವಿಯೋಲೆಗೆ ಇಳಿಸುವುದು ಆಗ ಸುಲಭ, ಆದರೆ ಅರ್ಧದಷ್ಟು ಎಲೆಗಳನ್ನು ಕೈಬಿಡಬೇಕಾದೀತು.