ಎಫೆಸಸ್‌ಗೆ ಹೋದರೆ ಮೇಲಿನ ಗೇಟಿನಿಂದ ಇಳಿಯಿರಿ

ಟರ್ಕಿಗೆ ಹೋಗುವ ನಮ್ಮ ಕೋಲಾರದವರು ಇಸ್ತಾಂಬುಲ್ ಸುತ್ತಿ ವಾಪಸ್ಸು ಬಂದುಬಿಡುತ್ತಾರೆ. ಇನ್ನೆರಡು ದಿನ ಕೈಯಲ್ಲಿಟ್ಟುಕೊಂಡು ಎಫೆಸಸ್ ನೋಡಿ, ಗ್ರೀಕ್-ರೋಮನ್ ಕಾಲದ ಪಾಳುಬಿದ್ದ ಊರು. ಇಜ್ಮಿರ್‌ವರೆಗೆ ವಿಮಾನ, ಅಲ್ಲಿಂದ ಎಫೆಸಸ್ ಪಕ್ಕದ ಊರಾದ ಸೆಲ್ಚುಕ್‌ಗೆ ರೈಲು. ರಾತ್ರಿ ಸೆಲ್ಚುಕ್‌ನಲ್ಲೇ ತಂಗಿದರೆ ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬಹುದು. ಹೊತ್ತೇರಿದ ಮೇಲೆ ಟೂರ್ ಬಸ್ಸಿನವರು ನುಗ್ಗುತ್ತಾರೆ.

ಗೇಟು ಎರಡಿವೆ. ಶೇರ್ ವ್ಯಾನು ಕೆಳಗಿನದಕ್ಕೆ ಬಿಡುತ್ತೆ. ನೀವು ಟ್ಯಾಕ್ಸಿ ಮಾಡಿಕೊಂಡು ಮೇಲಿನದಕ್ಕೆ ಹೋಗಿ. ದಾರಿಯುದ್ದಕ್ಕೂ ಇಳಿಜಾರು, ಏದುಸಿರು ಬಿಡಬೇಕಾಗಿಲ್ಲ. ಆದರೆ ಹಾಸಿರುವುದು ಅಮೃತಶಿಲೆ, ಸವೆದು ನುಣುಪಾಗಿದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ನೆರಳು ಕಮ್ಮಿ, ಟೋಪಿ, ನೀರು ಮರೆಯಬೇಡಿ.

ಕೆರೆ-ಕಾಲುವೆ ಕೆಲಸದಲ್ಲೇ ನೌಕರಿ ಮುಗಿಸಿದವನು ನಾನು. ಎಲ್ಲರೂ ಕಂಬ ನೋಡಿದರೆ ನನ್ನ ಕಣ್ಣು ಚರಂಡಿಗೆ ಹೋಗುತ್ತೆ. ನೀವೂ ಸ್ವಲ್ಪ ಬಗ್ಗಿ ನೋಡಿ: ಅಲ್ಲಲ್ಲಿ ಸುಟ್ಟ ಮಣ್ಣಿನ ಕೊಳವೆಗಳು ಕಾಣುತ್ತವೆ, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ ಎಳೆದ ನೀರಿನ ಲೈನು. ಸಾರ್ವಜನಿಕ ಕಕ್ಕಸಿನಲ್ಲಿ ಕಲ್ಲಿನ ಪೀಠಗಳು ಸಾಲಾಗಿವೆ, ಮಧ್ಯೆ ಗೋಡೆಯಿಲ್ಲ, ಕೆಳಗೆ ನೀರು ಹರಿಯುವ ಕಾಲುವೆ. ನಮ್ಮ ಮನೆಯವರು ಮುಖ ಸಿಂಡರಿಸಿ ಮುಂದೆ ನಡೆದರು. ನಾನು ಅಲ್ಲೇ ನಿಂತು ವಾಟ ನೋಡಿದೆ.

ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಶ್ರೀಮಂತರ ಮನೆಗಳಿವೆ, ಟೆರೇಸ್ ಮನೆ ಅಂತಾರೆ. ಅವಕ್ಕೆ ಟಿಕೆಟ್ ಬೇರೆ. ಜಿಪುಣತನ ಮಾಡಬೇಡಿ. ಚಾವಣಿಯಡಿ ಗೋಡೆಯ ಚಿತ್ರ, ನೆಲದ ಮೊಸಾಯಿಕ್ ಇದ್ದಲ್ಲೇ ಇವೆ.

ಅಲ್ಲಿಂದ ಕೆಳಗೆ ಸೆಲ್ಸಸ್ ಗ್ರಂಥಾಲಯ. ರೋಮನ್ ರಾಜ್ಯಪಾಲನಾಗಿದ್ದ ತಂದೆಯ ನೆನಪಿಗೆ ಮಗ 2ನೇ ಶತಮಾನದಲ್ಲಿ ಕಟ್ಟಿಸಿದ್ದು. ತಂದೆಯ ಸಮಾಧಿ ಅದರಡಿಯಲ್ಲೇ ಇದೆ. ಬಿದ್ದುಹೋಗಿದ್ದ ಮುಂಭಾಗವನ್ನು 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ವದವರು ಜೋಡಿಸಿ ನಿಲ್ಲಿಸಿದರು. ಫೋಟೊ ಹೊಡೆದು ಹೊರಟುಬಿಡಬೇಡಿ, ಒಳಗೆ ಹೋಗಿ. ಗ್ರಂಥದ ಸುರುಳಿಗಳಿಗೆ ಥಂಡಿ ತಾಗದಿರಲೆಂದು ಒಳಗೋಡೆಗೂ ಹೊರಗೋಡೆಗೂ ನಡುವೆ ಸಂದು ಬಿಟ್ಟಿದ್ದಾರೆ. ಕಟ್ಟಿದ ಮೇಸ್ತ್ರಿಗೆ ಕೈ ಮುಗಿಯಬೇಕು.

ಸುಮಾರು 25,000 ಜನ ಕೂರುವ ರಂಗಮಂದಿರದ ಮೆಟ್ಟಿಲು ಎಷ್ಟಾಗುತ್ತೋ ಅಷ್ಟು ಹತ್ತಿ, ತಿರುಗಿ ಪಶ್ಚಿಮಕ್ಕೆ ನೋಡಿ. ನೇರ ರಸ್ತೆಯೊಂದು ಹೊರಟು ಜೊಂಡು, ಹುಲ್ಲಿನಲ್ಲಿ ಮುಗಿಯುತ್ತೆ. ಅದೇ ಬಂದರು ರಸ್ತೆ. ರಾತ್ರಿ ದೀಪ ಉರಿಯುತ್ತಿದ್ದ ಬೀದಿ. ಸಮುದ್ರ ಈಗ ಹಲವು ಕಿಲೋಮೀಟರ್ ಆಚೆಗಿದೆ. ಕೈಸ್ಟರ್ ನದಿ ತಂದ ಮಣ್ಣು ಬಂದರನ್ನು ತುಂಬಿತು. ಎಷ್ಟು ಸಲ ಹೂಳು ತೆಗೆಸಿದರೂ ಮತ್ತೆ ತುಂಬಿತು, ಹಡಗು ನಿಂತವು, ವ್ಯಾಪಾರ ಹೋಯಿತು. ಗೋಥರೆಂಬ ಜರ್ಮನಿಕ್ ಬುಡಕಟ್ಟಿನವರ ದಾಳಿ, ಭೂಕಂಪ ಎಲ್ಲವೂ ಆಗಿವೆ ನಿಜ. ಆದರೂ ಹೂಳು ತುಂಬಿದ ಕೆರೆಯ ಊರು ಏನಾಗುತ್ತೆಂದು ನಮ್ಮ ಜಿಲ್ಲೆಯವರಿಗೆ ಯಾವ ಗೈಡೂ ಹೇಳಿಕೊಡಬೇಕಾಗಿಲ್ಲ.

ಕೆಳಗಿನ ಗೇಟಿನಿಂದ ವ್ಯಾನು ಹತ್ತಿ ಸೆಲ್ಚುಕ್‌ಗೆ ಬನ್ನಿ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಆರ್ಟೆಮಿಸ್ ಗುಡಿ ಅಲ್ಲೇ ಹತ್ತಿರ. ಎತ್ತಿ ನಿಲ್ಲಿಸಿದ ಒಂಟಿ ಕಂಬ ಬಿಟ್ಟರೆ ಹೆಚ್ಚೇನಿಲ್ಲ, ಹತ್ತು ನಿಮಿಷ ಸಾಕು. ಮ್ಯೂಸಿಯಂ ಅನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ. ಆರ್ಟೆಮಿಸ್ ದೇವಿಯ ವಿಗ್ರಹ ಇರುವುದು ಅಲ್ಲಿ.